ವೂಫರ್ ಹಾಕಿಸುವ ಮೊದಲು ವೈರ್ ನೋಡಿ

ಕಾರ್ ಆಡಿಯೋ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಸಾರ್, ನನ್ನದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ಆನ್‌ಲೈನ್‌ನಲ್ಲಿ 12 ಇಂಚಿನ ಸಬ್ ವೂಫರ್, ಆಂಪ್ಲಿಫೈಯರ್, ವೈರಿಂಗ್ ಕಿಟ್ ಎಲ್ಲಾ ತರಿಸಿ ಹಾಕಿಸಿದೆ. ಡಬ್ಬದ ಮೇಲೆ 1800 ವ್ಯಾಟ್ ಅಂತ ಇದೆ. ಆದರೆ ಬೇಸ್ ಬರೀ ಗುಂಯ್ ಅನ್ನುತ್ತೆ, ಏಟು ಬಿಡಿಬಿಡಿಯಾಗಿ ಕೇಳಲ್ಲ. ರಾತ್ರಿ ಬೇಸ್ ಬಿದ್ದಾಗೆಲ್ಲ ಹೆಡ್‌ಲೈಟ್ ಮಂಕಾಗುತ್ತೆ. ದೊಡ್ಡ ಬ್ಯಾಟರಿ ಹಾಕಿಸಿ ಅಂತಿದ್ದಾರೆ. ಹಾಕಿಸಲಾ?
– ವಿದ್ಯಾನಗರ, ದಾವಣಗೆರೆ

ಉತ್ತರ: ಸದ್ಯಕ್ಕೆ ಬ್ಯಾಟರಿಗೆ ದುಡ್ಡು ಹಾಕಬೇಡಿ. ಎಂಜಿನ್ ಓಡುವಾಗ ಕರೆಂಟ್ ಕೊಡುವುದು ಮುಖ್ಯವಾಗಿ ಆಲ್ಟರ್ನೇಟರ್. ಬ್ಯಾಟರಿ ಚೆನ್ನಾಗಿದೆಯಾ ಅಂತ ಒಂದು ಮಲ್ಟಿಮೀಟರ್‌ನಲ್ಲಿ ನೋಡಿಕೊಳ್ಳಿ. ಗಾಡಿ ಆಫ್ ಮಾಡಿ ಕೆಲವು ಗಂಟೆ ಬಿಟ್ಟ ಮೇಲೆ 12.6 ವೋಲ್ಟ್ ಆಸುಪಾಸು ಇರಬೇಕು. ಸ್ಟಾರ್ಟ್ ಮಾಡಿದ ಮೇಲೆ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.4 ತೋರಿಸುತ್ತೆ. ಇಷ್ಟು ಬಂದರೆ ಬ್ಯಾಟರಿ, ಆಲ್ಟರ್ನೇಟರ್ ಎರಡೂ ಬಹುಶಃ ಸರಿಯಿವೆ. ದೋಷವನ್ನು ಮೊದಲು ಬೇರೆ ಕಡೆ ಹುಡುಕಿ.

ಮೊದಲು ಆ 1800 ವ್ಯಾಟ್ ವಿಷಯ. ನಿಜವಾಗಿ 1800 ವ್ಯಾಟ್ ಹೊರಡಬೇಕಾದರೆ ಕರೆಂಟ್ ಕಡಿಮೆ ಪೋಲು ಮಾಡುವ ಒಳ್ಳೆ ಕ್ಲಾಸ್ ಡಿ ಆಂಪ್‌ಗೂ (ಆಂಪ್ಲಿಫೈಯರ್‌ಗೂ) 160 ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಬೇಕು. ಸಣ್ಣ ಕಾರಿನ ಆಲ್ಟರ್ನೇಟರ್ ಪೂರ್ತಿ ದುಡಿದರೂ ಸಾಮಾನ್ಯವಾಗಿ 100 ಆಂಪಿಯರ್ ಮುಟ್ಟಲ್ಲ. ಅಂದರೆ ಡಬ್ಬದ ಮೇಲಿನ ಆ ಸಂಖ್ಯೆ ನಿಮ್ಮ ಲೆಕ್ಕಕ್ಕೆ ಬೇಡವೇ ಬೇಡ. ನೋಡಬೇಕಾದ್ದು ಆರ್‌ಎಂಎಸ್ ಎಂದು ಬರೆದಿರುವ ವ್ಯಾಟ್, ಅಂದರೆ ಒಂದೇ ಸಮ ಕೊಡಬಲ್ಲ ಶಕ್ತಿ. ಅದೂ ಅನುಮಾನ ಅನಿಸಿದರೆ ಆಂಪ್‌ನ ಪಕ್ಕದಲ್ಲಿರುವ ಫ್ಯೂಸ್ ನೋಡಿ. ಅಲ್ಲಿ 30 ಆಂಪಿಯರ್ ಫ್ಯೂಸ್ ಇದ್ದರೆ 30ನ್ನು 13.8ರಿಂದ ಗುಣಿಸಿ, ಬಂದ 414ರಲ್ಲಿ ಶೇ 80 ಹಿಡಿಯಿರಿ. ಹೆಚ್ಚೆಂದರೆ 300 ಚಿಲ್ಲರೆ ವ್ಯಾಟ್. ಬೇಸರ ಮಾಡಿಕೊಳ್ಳಬೇಡಿ, ಮುಚ್ಚಿದ ಕಾರಿನೊಳಗೆ 300 ವ್ಯಾಟ್ ಸರಿಯಾಗಿ ಕೆಲಸ ಮಾಡಿದರೆ ಎದೆಗೆ ತಾಗುವಷ್ಟು ಬೇಸ್ ಬರುತ್ತೆ.

ಈಗ ವೈರ್. ನನ್ನ ಅನುಮಾನ ಪೂರ್ತಿ ನಿಮ್ಮ ಕಿಟ್ ಮೇಲೇ ಇದೆ. ಅಗ್ಗದ ಕಿಟ್‌ಗಳಲ್ಲಿ ಹೆಚ್ಚಾಗಿ ಬರುವುದು ತಾಮ್ರದ ಲೇಪನ ಕೊಟ್ಟ ಅಲ್ಯೂಮಿನಿಯಂ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ಕೆಂಪಗಿದ್ದು ಒಳಗೆ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಕೆರೆದಷ್ಟೂ ಕೆಂಪಗೇ ಇದ್ದರೆ ಅಸಲಿ ತಾಮ್ರ. ಇನ್ನೊಂದು ಮೋಸ ರಬ್ಬರಿನದು. ಹೊರಗಿನಿಂದ ಬೆರಳು ದಪ್ಪ ಕಾಣುತ್ತೆ, ಸಿಪ್ಪೆ ಸುಲಿದರೆ ಒಳಗೆ ನಾಲ್ಕು ಎಳೆ. ತೋಟದಲ್ಲಿ ಬೋರ್‌ವೆಲ್ ಮೋಟರ್‌ಗೆ ದೂರದಿಂದ ತೆಳು ಕೇಬಲ್ ಎಳೆದರೆ ಮೋಟರ್ ಗೊರಗುಟ್ಟುತ್ತೆ, ನೀರು ಮೇಲೆ ಬರಲ್ಲ ಅಲ್ವಾ? ನಿಮ್ಮ ಆಂಪ್‌ಗೂ ಅದೇ ಆಗಿರಬಹುದು. ಬೇಸ್ ಬಿದ್ದ ಕ್ಷಣ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತೆ.

ಇದನ್ನು ಊಹೆಗೆ ಬಿಡಬೇಡಿ, ಅಳೆಯಿರಿ. ಎಂಜಿನ್ ಓಡುತ್ತಿರಲಿ, ಬೇಸ್ ಜೋರಾಗಿರುವ ಹಾಡು ಹಾಕಿ. ಬ್ಯಾಟರಿಯ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್, ಆಂಪ್‌ನ ಪವರ್ ಮತ್ತು ಅರ್ಥಿಂಗ್ (ಕಾರಿನ ತಗಡಿಗೆ ಕಟ್ಟುವ ಮೈನಸ್ ವೈರ್) ಸ್ಕ್ರೂಗಳ ನಡುವೆ ಎಷ್ಟು ವೋಲ್ಟ್ ನೋಡಿ. ಎರಡರ ನಡುವೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ವೈರ್ ಅಥವಾ ಅರ್ಥಿಂಗ್ ಕೆಟ್ಟಿದೆ. ಎರಡರ ನಡುವೆ ವ್ಯತ್ಯಾಸ ಇಲ್ಲದೆ ಬ್ಯಾಟರಿಯಲ್ಲೇ ವೋಲ್ಟೇಜ್ ಕುಸಿದರೆ ಮಾತ್ರ ಬ್ಯಾಟರಿ, ಆಲ್ಟರ್ನೇಟರ್ ಮಾತು ಬರುತ್ತೆ.

ಅರ್ಥಿಂಗನ್ನು ನಾನು ಬಿಡಿಸಿಯೇ ಹೇಳಬೇಕು, ಯಾಕಂದ್ರೆ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಡಿಕ್ಕಿಯ ಕಾರ್ಪೆಟ್ ಎತ್ತಿ ಅರ್ಥಿಂಗ್ ಬೋಲ್ಟ್ ಬಿಚ್ಚಿ. ಕೆಳಗೆ ಕಾರಿನ ಬಣ್ಣವೇ ಕಂಡರೆ ಅದು ಅರ್ಥಿಂಗ್ ಅಲ್ಲ, ಸುಮ್ನೆ ತಗುಲಿಹಾಕಿದ ವೈರ್. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಅಗಲಕ್ಕೆ ಎಮರಿ ಪೇಪರ್‌ನಿಂದ ಉಜ್ಜಿ, ಬಣ್ಣವೂ ಅದರ ಕೆಳಗಿನ ಪ್ರೈಮರೂ ಹೋಗಿ ಬಿಳಿ ತಗಡು ಹೊಳೆಯಬೇಕು. ವೈರಿನ ತುದಿಗೆ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಒತ್ತಿಸಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ಆಮೇಲೆ ಮೇಲೆ ಸ್ವಲ್ಪ ಬಣ್ಣ ಬಳಿಯಿರಿ, ಇಲ್ಲದಿದ್ದರೆ ಒಂದು ಮಳೆಗಾಲಕ್ಕೇ ತುಕ್ಕು. ಈ ವೈರ್ ಪವರ್ ವೈರಿನಷ್ಟೇ ದಪ್ಪ ಇರಬೇಕು. ಉದ್ದ ಅರ್ಧ ಮೀಟರ್ ಒಳಗಿದ್ದರೆ ಚೆನ್ನ. ಸೀಟ್ ಬೆಲ್ಟ್ ಬೋಲ್ಟ್‌ಗೆ ಮಾತ್ರ ಕಟ್ಟಬೇಡಿ. ಅದು ಜೀವ ಕಾಯುವ ಬೋಲ್ಟ್, ಅದನ್ನು ಮುಟ್ಟುವ ಹಕ್ಕು ಆಡಿಯೋದವರಿಗಿಲ್ಲ. ಹೊಸ ತೂತು ಕೊರೆಯುವುದಾದರೆ ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ. ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗೇ ಇರುತ್ತೆ.

ವೈರ್ ಬದಲಿಸುವುದಾದರೆ ಪೂರ್ತಿ ತಾಮ್ರದ 8 ಗೇಜ್ 300 ವ್ಯಾಟ್‌ಗೆ ನಡೆಯುತ್ತೆ. ಮುಂದೆ ದೊಡ್ಡ ಆಂಪ್ ಹಾಕುವ ಯೋಚನೆ ಇದ್ದರೆ ಈಗಲೇ 4 ಗೇಜ್ ಎಳೆಸಿ, ಗೇಜ್ ಸಂಖ್ಯೆ ಇಳಿದಷ್ಟೂ ವೈರ್ ದಪ್ಪ. ಬ್ಯಾಟರಿಯ ಪ್ಲಸ್‌ನಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಆ ಫ್ಯೂಸ್ ಆಂಪ್ ಕಾಯಲು ಅಲ್ಲ, ವೈರ್ ಕಾಯಲು. ಎಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದಿದ್ದರೆ ವೈರ್ ಉಜ್ಜಿ ಉಜ್ಜಿ ಒಂದು ದಿನ ತಗಡಿಗೆ ತಾಗುತ್ತೆ. ಹತ್ತಿರದಲ್ಲಿ ಫ್ಯೂಸ್ ಇದ್ದರೆ ಫ್ಯೂಸ್ ಹೋಗುತ್ತೆ. ಇಲ್ಲದಿದ್ದರೆ ಕಾರಿಗೇ ಬೆಂಕಿ ಬೀಳಬಹುದು. ಇವತ್ತೇ ಬಾನೆಟ್ ತೆಗೆದು ಇದೊಂದನ್ನು ನೋಡಿಬಿಡಿ.

ಗುಂಯ್ ಶಬ್ದಕ್ಕೆ ಕಾರಣ ಸೆಟ್ಟಿಂಗ್ ಇರಬಹುದು. ಆಂಪ್‌ನಲ್ಲಿ ಗೇನ್ ಪೂರ್ತಿ ತಿರುಗಿಸಿ, ಬೇಸ್ ಬೂಸ್ಟನ್ನೂ ಏರಿಸಿ ಕೊಟ್ಟಿದ್ದಾರಾ ನೋಡಿ. ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೋ ಕೊಡುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು ಅದು. ಅತಿಯಾದರೆ ಸಿಗ್ನಲ್ ಅಲೆಯ ತಲೆ ಕತ್ತರಿಸಿಹೋಗುತ್ತೆ, ವೂಫರಿನ ಕಾಯಿಲ್ ಕಾದು ಸುಟ್ಟ ವಾಸನೆ ಬರುತ್ತೆ. ಸರಿ ಮಾಡುವುದು ಹೀಗೆ: ವೂಫರ್ ವೈರ್ ಬಿಚ್ಚಿ, ಬೂಸ್ಟ್ ಸೊನ್ನೆಗೆ ತನ್ನಿ, ಗೇನ್ ಪೂರ್ತಿ ಇಳಿಸಿ. 50 ಹರ್ಟ್ಸ್ ಟೋನ್ ಹಾಕಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಡಿ. ಮೀಟರನ್ನು ಎಸಿ ವೋಲ್ಟ್‌ನಲ್ಲಿಟ್ಟು ಆಂಪ್‌ನ ಸ್ಪೀಕರ್ ತುದಿಗಳಿಗೆ ಹಿಡಿದು ಗೇನ್ ನಿಧಾನಕ್ಕೆ ಏರಿಸಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಎಷ್ಟು ವೋಲ್ಟ್‌ಗೆ ನಿಲ್ಲಿಸಬೇಕು ಅಂತ ಗೊತ್ತಾಗುತ್ತೆ. 4 ಓಮ್‌ಗೆ 250 ವ್ಯಾಟ್ ಆದರೆ 31.6 ವೋಲ್ಟ್. ಆಂಪ್, ವೂಫರ್ ಎರಡರಲ್ಲಿ ಯಾವುದರ ಆರ್‌ಎಂಎಸ್ ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.

ವೂಫರಿಗೆ ಕೆಳಗಿನ ಸ್ವರ ಮಾತ್ರ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ ಇಡಿ. ಸ್ಟೀರಿಯೋದಲ್ಲಿ ಅವಕಾಶ ಇದ್ದರೆ ಬಾಗಿಲಿನ ಸ್ಪೀಕರ್‌ಗಳಿಗೆ ಮೇಲಿನ ಸ್ವರ ಮಾತ್ರ ಬಿಡುವ ಹೈ ಪಾಸ್ ಅಷ್ಟಕ್ಕೇ ಇಡಿ. ಆಮೇಲೆ ಒಂದು ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿ ಕೇಳಿ. ಒಂದು ಏಟು ಮುಗಿದು ಇನ್ನೊಂದು ಬೀಳುವ ನಡುವಿನ ಮೌನ ಕೇಳಬೇಕು. ಅದು ತುಂಬಿಹೋಗಿದ್ದರೆ ಆಂಪ್‌ನ ಫೇಸ್ ಸ್ವಿಚ್ (ವೂಫರಿನ ಅಲೆಯನ್ನು ತಿರುಗುಮುರುಗು ಮಾಡುವ ಸ್ವಿಚ್) 0ಯಿಂದ 180ಕ್ಕೆ ಹಾಕಿ ಮತ್ತೆ ಕೇಳಿ, ಡ್ರೈವರ್ ಸೀಟಿನಲ್ಲಿ ಕೂತು. ಯಾವುದರಲ್ಲಿ ಏಟು ಗಟ್ಟಿಯೋ ಅದೇ ಸರಿ.

ಪ್ರಶ್ನೆ: ನನ್ನದು ಸಿಎನ್‌ಜಿ ಕಾರು. ಡಿಕ್ಕಿ ಪೂರ್ತಿ ಸಿಲಿಂಡರೇ ಇದೆ. ಸಿಲಿಂಡರ್ ಸ್ಟ್ಯಾಂಡ್ ಮೇಲೆ ಆಂಪ್ ಕೂರಿಸಿ, ಪಕ್ಕದಲ್ಲಿ 8 ಇಂಚಿನ ವೂಫರ್ ಇಡಬಹುದಾ?
– ಚಿತ್ರದುರ್ಗ

ಉತ್ತರ: ಬೇಡ. ಸಿಲಿಂಡರಿಗಾಗಲಿ, ಅದರ ಸ್ಟ್ಯಾಂಡಿಗಾಗಲಿ, ಪೈಪಿಗಾಗಲಿ ಏನನ್ನೂ ಕಟ್ಟಬೇಡಿ. ಅಲ್ಲಿ ಡ್ರಿಲ್ಲಿಂಗ್ ಮಷಿನ್ ತರಲೂಬೇಡಿ. ನಿಮಗೆ ಸರಿಹೊಂದುವುದು ಮುಂದಿನ ಸೀಟಿನ ಕೆಳಗೆ ಕೂರುವ, ಆಂಪ್ ಒಳಗೇ ಇರುವ ಚಪ್ಪಟೆ ವೂಫರ್. ಕೊಳ್ಳುವ ಮೊದಲು ಸೀಟನ್ನು ಪೂರ್ತಿ ಹಿಂದೆ ಮುಂದೆ ಸರಿಸಿ, ಎತ್ತರ ತಗ್ಗಿಸಿ, ಕೆಳಗೆ ಎಷ್ಟು ಜಾಗ ಉಳಿಯುತ್ತೆ ಅಳೆಯಿರಿ. ಅಲ್ಲೇ ಓಡಾಡುವ ಏರ್‌ಬ್ಯಾಗ್, ಸೀಟ್ ಬೆಲ್ಟ್ ವೈರುಗಳನ್ನು ಮುಟ್ಟಬಾರದು. ಇದರಿಂದ ಕಾರು ಅದುರಲ್ಲ, ಆದರೆ ಹಾಡಿಗೆ ಬೇಕಾದ ತೂಕ ಬರುತ್ತೆ. ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟ್‌ನಿಂದ ಎಳೆಯಬೇಡಿ, ಆ ಲೈನಿನ ಫ್ಯೂಸ್ ಸಾಮಾನ್ಯವಾಗಿ 10, 15 ಆಂಪಿಯರ್ ಅಷ್ಟೇ. ಇದಕ್ಕೂ ಬ್ಯಾಟರಿಯಿಂದ ಬೇರೆ ವೈರ್, ಬೇರೆ ಫ್ಯೂಸ್ ಬೇಕು.

ಕಂಪನಿ ಸ್ಟೀರಿಯೋ ಬಿಚ್ಚುವ ಅಗತ್ಯ ಇಲ್ಲ. ಹೈ ಲೆವೆಲ್ ಇನ್‌ಪುಟ್ ಇರುವ ವೂಫರ್ ಆರಿಸಿದರೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ಸಿಗುತ್ತೆ. ಗಾಡಿಗೆ ವಾರಂಟಿ ಇನ್ನೂ ಇದ್ದರೆ ಕಂಪನಿ ವೈರ್ ಕತ್ತರಿಸಲು ಬಿಡಬೇಡಿ, ವೈರ್ ಕತ್ತರಿಸದೆ ಸಿಕ್ಕಿಸುವ, ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್ ತರಿಸಿ.

ಪ್ರಶ್ನೆ: 12 ಇಂಚಿನ ವೂಫರಿಗೆ ನಮ್ಮೂರ ಬಡಗಿ ಕೈಲೇ ಬಾಕ್ಸ್ ಮಾಡಿಸಬೇಕು ಅಂತಿದ್ದೀನಿ. ಅಳತೆ ಕೊಡಿ.
– ಹರಿಹರ

ಉತ್ತರ: ಒಳ್ಳೆ ಕೆಲಸ, ಖಂಡಿತ ಮಾಡಿಸಿ. ಪೂರ್ತಿ ಮುಚ್ಚಿದ ಬಾಕ್ಸ್ ಮಾಡಿಸಿ, ಅಳತೆಯಲ್ಲಿ ಸ್ವಲ್ಪ ಆಚೀಚೆ ಆದರೂ ಕೆಡಲ್ಲ. ಎಷ್ಟೋ 12 ಇಂಚಿನ ವೂಫರ್‌ಗಳಿಗೆ ಸುಮಾರು ಒಂದು ಘನ ಅಡಿ, ಅಂದರೆ 28 ಲೀಟರ್ ಗಾಳಿ ಸಾಕು. ಒಳ ಅಳತೆ 40, 35, 20 ಸೆಂಟಿಮೀಟರ್ ಇಟ್ಟರೆ ಸರಿಯಾಗಿ 28 ಲೀಟರ್. ಆದರೆ ನಿಮ್ಮ ವೂಫರಿನ ಜೊತೆ ಬಂದ ಚೀಟಿಯಲ್ಲಿ ಬೇರೆ ಹೇಳಿದ್ದರೆ ಅದೇ ಅಂತಿಮ. ವೂಫರಿನ ಆಳವನ್ನೂ ಅಳೆದುಕೊಳ್ಳಿ, ಹಿಂದಿನ ಮ್ಯಾಗ್ನೆಟ್ ಗೋಡೆಗೆ ತಾಗಬಾರದು.

18 ಮಿಲಿಮೀಟರ್ ಎಂಡಿಎಫ್ ಹಲಗೆ ಹಾಕಿಸಿ. ಬಡಗಿಗೆ ಒಂದು ಮಾತು ಒತ್ತಿ ಹೇಳಿ: ಇದು ಕಪಾಟಲ್ಲ, ಗಾಳಿ ಆಡಬಾರದು. ಪ್ರತಿ ಸಂದಿಗೂ ಫೆವಿಕಾಲ್, ಮೇಲೆ ಸ್ಕ್ರೂ, ಒಳಗಿನ ಮೂಲೆಗಳಿಗೆ ಸಿಲಿಕಾನ್. ಸಿಲಿಕಾನ್ ಪೂರ್ತಿ ಒಣಗಲು ಒಂದು ದಿನ ಬಿಟ್ಟು ಆಮೇಲೆ ವೂಫರ್ ಕೂರಿಸಿ. ಕೂರಿಸಿದ ಮೇಲೆ ಕೋನನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ. ಒಳಗಿನ ಗಾಳಿ ಎದುರು ಒತ್ತಿದಂತೆ ಅನಿಸಿದರೆ ಬಾಕ್ಸ್ ಗಾಳಿ ಹಿಡಿದಿದೆ. ಸಂದಿಯಿಂದ ಗಾಳಿ ಹೊರಬಂದರೆ ಅಲ್ಲಿ ಸೋರುತ್ತಿದೆ.

ಪೋರ್ಟ್ (ಗಾಳಿ ಆಡುವ ಕೊಳವೆ) ಇರುವ ಬಾಕ್ಸ್‌ನಿಂದ ಶಬ್ದ ಜಾಸ್ತಿ ಬರುತ್ತೆ ನಿಜ. ಆದರೆ ಪೋರ್ಟಿನ ಉದ್ದ, ಅಗಲ ಲೆಕ್ಕದ ಪ್ರಕಾರವೇ ಇರಬೇಕು, ಆಂಪ್‌ನಲ್ಲಿ ತೀರಾ ಕೆಳಗಿನ ಸ್ವರ ತಡೆಯುವ ಸಬ್‌ಸೋನಿಕ್ ಫಿಲ್ಟರೂ ಬೇಕು. ಕಣ್ಣಳತೆಯಲ್ಲಿ ಪೋರ್ಟ್ ಕೊರೆಸಬೇಡಿ.

ಕೊನೆಗೆ ಬಾಕ್ಸನ್ನು ಡಿಕ್ಕಿಯಲ್ಲಿ ಸುಮ್ನೆ ಇಡದೆ ಬೆಲ್ಟ್ ಹಾಕಿ ಕಟ್ಟಿಸಿ. ಹೈವೇಯಲ್ಲಿ ಗಾಡಿ ಗುದ್ದಿದರೆ ಅಷ್ಟು ಭಾರದ ಬಾಕ್ಸ್ ಹಿಂದಿನ ಸೀಟಿನಲ್ಲಿ ಕೂತವರ ಬೆನ್ನಿಗೇ ಬರುತ್ತೆ.

ಪ್ರಶ್ನೆ: ಕಾರಿಂದ ತೆಗೆದ ವೂಫರ್ ಸೆಟ್ ಟ್ರ್ಯಾಕ್ಟರ್‌ಗೆ ಹಾಕಿದೆ. ಕಾರಲ್ಲಿ ಅದುರುತ್ತಿದ್ದದ್ದು ಇಲ್ಲಿ ಏನೂ ಕೇಳಲ್ಲ. ಕೆಟ್ಟಿದೆಯಾ?
– ಜಗಳೂರು

ಉತ್ತರ: ಕೆಟ್ಟಿಲ್ಲ. ಮುಚ್ಚಿದ ಕಾರಿನೊಳಗೆ ಸಣ್ಣ ಜಾಗದ ಗಾಳಿಯನ್ನೇ ವೂಫರ್ ಒತ್ತುತ್ತೆ, ಹಾಗಾಗಿ ಕೆಳಗಿನ ಬೇಸ್ ತಾನಾಗಿ ಏರುತ್ತೆ. ಟ್ರ್ಯಾಕ್ಟರ್ ಮೇಲೆ ನಾಲ್ಕೂ ಕಡೆ ಬಯಲು, ಒತ್ತಿದ ಗಾಳಿ ಹರಡಿಹೋಗುತ್ತೆ. ಅದನ್ನು ಸರಿಗಟ್ಟಲು ಇನ್ನೊಂದು ಆಂಪ್, ಇನ್ನೊಂದು ವೂಫರ್ ಅಂತ ಹೋದರೆ ದುಡ್ಡಿಗೆ ಕೊನೆ ಇಲ್ಲ. ಮೆಕ್ಕೆಜೋಳದ ಲೋಡ್ ಹೊತ್ತು ರಸ್ತೆಗೆ ಬಂದಾಗ ಹಿಂದಿನ ಬಸ್ಸಿನ ಹಾರ್ನ್ ನಿಮಗೆ ಕೇಳಲೇಬೇಕು. ಎರಡು ಒಳ್ಳೆ ಸ್ಪೀಕರ್ ಹಾಕಿಕೊಳ್ಳಿ, ವೂಫರನ್ನು ಕಾರಿಗೇ ವಾಪಸ್ ಕೂರಿಸಿ.

ಪ್ರಶ್ನೆ: ಕಾಲೇಜಿಗೆ ಹೋಗುವ ಮಗ ಕಾರಿಗೆ ವೂಫರ್ ಬೇಕು ಅಂತ ಹಟ ಹಿಡಿದಿದ್ದಾನೆ. ಕಿವಿಗೆ ತೊಂದರೆ ಇಲ್ಲವಾ? ಪೊಲೀಸರು ಹಿಡಿಯಲ್ವಾ?
– ದಾವಣಗೆರೆ

ಉತ್ತರ: ಹಾಕಿಸಿಕೊಡಿ, ಆದರೆ ಎರಡು ವಿಷಯ ಕೂರಿಸಿಕೊಂಡು ಹೇಳಿ. ಒಂದು, ಕಿವಿ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುವುದು ಸಾಮಾನ್ಯ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧ ಆಗುತ್ತೆ. 100 ಡೆಸಿಬೆಲ್‌ಗೆ ಬಂದರೆ ಕಾಲು ಗಂಟೆ ಮಾತ್ರ. ವೂಫರ್ ಇರುವ ಕಾರಲ್ಲಿ 100 ಮುಟ್ಟುವುದು ಏನೂ ಕಷ್ಟವಲ್ಲ. ಗಾಡಿ ಇಳಿದ ಮೇಲೆ ಕಿವಿ ಗುಂಯ್ ಅಂದರೆ ಅತಿಯಾಯಿತು ಅಂತಲೇ ಅರ್ಥ.

ಎರಡು, ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟ್‌ಗಳ ಸುತ್ತ 100 ಮೀಟರ್ ಜಾಗ ನಿಶ್ಶಬ್ದ ವಲಯವಾಗಬಹುದು. ಮನೆಗಳಿರುವ ಕಡೆ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ನಮ್ಮೂರಲ್ಲಿ ಬಾಪೂಜಿ ಆಸ್ಪತ್ರೆ, ಚಿಗಟೇರಿ ಆಸ್ಪತ್ರೆ ಮುಂದೆ ಹಾದುಹೋಗುವಾಗ ಒಳಗೆ ಮಲಗಿರುವವರ ನೆನಪು ಅವನಿಗಿರಲಿ. ಬೇಸ್ ಗಾಜು ಏರಿಸಿದರೂ ನಿಲ್ಲಲ್ಲ, ಗೋಡೆ ದಾಟಿ ಹೋಗುತ್ತೆ. ಆಂಪ್ ಜೊತೆ ವೈರಿರುವ ಸಣ್ಣ ಬೇಸ್ ನಾಬ್ ಸಿಗುತ್ತೆ, ಅದನ್ನು ಗೇರ್ ಹತ್ತಿರ ಹಾಕಿಸಿ. ಒಂದೇ ಕೈಯಲ್ಲಿ ಇಳಿಸಬಹುದು.

ಪ್ರಶ್ನೆ: ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಲ್ಲಿ ಕುಂಯ್ ಅಂತ ಶಬ್ದ ಏರುತ್ತೆ. ಆಂಪ್ ಬದಲಿಸಬೇಕಾ?
– ಹೊಳಲ್ಕೆರೆ

ಉತ್ತರ: ಬೇಡ. ಗಾಡಿ ಸ್ಟಾರ್ಟ್ ಮಾಡಿ, ಆಂಪ್‌ಗೆ ಬರುವ ಆರ್‌ಸಿಎ ಪಿನ್ (ಸ್ಟೀರಿಯೋದಿಂದ ಸಿಗ್ನಲ್ ತರುವ ಕೇಬಲ್ಲಿನ ತುದಿ) ಕೀಳಿ. ಶಬ್ದ ನಿಂತರೆ ಅದು ಸ್ಟೀರಿಯೋ ಅಥವಾ ಆರ್‌ಸಿಎ ಕೇಬಲ್‌ನಿಂದ ಬರುತ್ತಿದೆ. ಪವರ್ ವೈರ್ ಎಡಗಡೆ ಹೋಗಿದ್ದರೆ ಆರ್‌ಸಿಎ ಬಲಗಡೆ ಎಳೆಸಿ. ಸ್ಟೀರಿಯೋದ ಅರ್ಥಿಂಗನ್ನೂ ಬಿಚ್ಚಿ ಬಿಗಿ ಮಾಡಿ. ಪಿನ್ ಕಿತ್ತರೂ ಶಬ್ದ ನಿಲ್ಲದಿದ್ದರೆ ಆಂಪ್‌ನ ಅರ್ಥಿಂಗ್ ನೋಡಿ. ಮೊದಲ ಪ್ರಶ್ನೆಗೆ ಹೇಳಿದಂತೆ ತಗಡು ಬೆಳ್ಳಗಾಗುವ ತನಕ ಉಜ್ಜಿ, ಮತ್ತೆ ಕಟ್ಟಿ.