ಕಂಬ್ರಿಯಾ ತೀರದ ಆ ರೋಮನ್ ಗೋಪುರ ಎಲ್ಲಿ ಹೋಯಿತು?

ಇಂಗ್ಲೆಂಡಿನ ವಾಯವ್ಯದ ಕಂಬ್ರಿಯಾ ತೀರದಲ್ಲಿ, ನಕ್ಷೆಯಲ್ಲಿ ರೋಮನ್ ಗೋಪುರವೆಂದು ಗುರುತಿಸಿದ ಜಾಗದಲ್ಲಿ ಹುಲ್ಲು, ಮರಳು ಬಿಟ್ಟರೆ ಏನೂ ಇಲ್ಲ, ಅದು ದೀಪಸ್ತಂಭವಾಗಿತ್ತೇ ಎಂದು ಕೇಳಿದ್ದೀರಿ. ದೀಪಸ್ತಂಭವಲ್ಲ, ಅದು ಗಡಿ ಕಾಯುವ ಗೋಪುರ. ರೋಮನ್ನರು ಬ್ರಿಟನ್ನಿನ ಉತ್ತರ ಗಡಿಯಲ್ಲಿ ಕಟ್ಟಿದ ಹೇಡ್ರಿಯನ್ ಗೋಡೆ ಪಶ್ಚಿಮ ತೀರದ ಬೋನೆಸ್‌ನಲ್ಲಿ ಮುಗಿದರೂ ಕಾವಲು ಅಲ್ಲಿಗೆ ಮುಗಿಯಲಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ನಡುವಿನ ಸಾಲ್ವೇ ಖಾರಿಯನ್ನು ದಾಟಿ ಬಂದವರು ಗೋಡೆಯನ್ನು ಸುಲಭವಾಗಿ ಸುತ್ತುಹಾಕಿ ಹೋಗಬಹುದಿತ್ತಲ್ಲ! ಹಾಗಾಗಿ ಕ್ರಿ.ಶ. 120ರ ದಶಕದಲ್ಲಿ ತೀರದುದ್ದಕ್ಕೂ ಪ್ರತಿ ರೋಮನ್ ಮೈಲಿಗೆ, ಅಂದರೆ ಸುಮಾರು 1.5 ಕಿ.ಮೀ.ಗೆ, ಒಂದು ಪುಟ್ಟ ಕೋಟೆ ಕಟ್ಟಿದರು. ಅಂಥ ಎರಡು ಕೋಟೆಗಳ ನಡುವೆ ಎರಡು ಕಲ್ಲಿನ ಗೋಪುರಗಳು. ಒಂದೊಂದೂ ಸುಮಾರು ಆರು ಮೀಟರ್ ಉದ್ದ, ಅಷ್ಟೇ ಅಗಲ, ನಮ್ಮ ಮನೆಯ ನಡುಮನೆಯಷ್ಟೇ.

ಇಷ್ಟು ಚಿಕ್ಕ ಕಟ್ಟಡ ಕಾಣೆಯಾಗುವುದರಲ್ಲಿ ಆಶ್ಚರ್ಯವೇನು? ಕೆಲವನ್ನು ಸಮುದ್ರ ಕೊರೆದು ಒಯ್ದಿತು. ಸಿದ್ಧವಾಗಿ ಕತ್ತರಿಸಿದ ಕಲ್ಲು ಕೈಗೆಟುಕುವಾಗ ಮುಂದಿನವರು ಸುಮ್ಮನಿರುವವರೂ ಅಲ್ಲ. ಉಳಿದಿರುವುದು ಬಹುಪಾಲು ಅಡಿಪಾಯ, ಅದೂ ಮಣ್ಣಿನಡಿ. ದಯವಿಟ್ಟು ಅಗೆದು ನೋಡಲು ಹೋಗಬೇಡಿ. ಹೇಡ್ರಿಯನ್ ಗೋಡೆ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ, ಈ ತೀರದ ಹಲವು ನೆಲೆಗಳೂ ಅದರ ಭಾಗವೇ.

ಕಣ್ಣಿಗೆ ಏನಾದರೂ ಕಾಣಲೇಬೇಕೆಂದರೆ ಕ್ರಾಸ್‌ಕ್ಯಾನನ್‌ಬಿ ಬಳಿಯ ಸ್ವಾರ್ಥಿ ಹಿಲ್ (Swarthy Hill) ಎಂಬ ಗುಡ್ಡಕ್ಕೆ ಹೋಗಿ. 1990ರ ದಶಕದ ಆರಂಭದಲ್ಲಿ ಉತ್ಖನನ ಮಾಡಿದ 21ನೇ ಪುಟ್ಟ ಕೋಟೆಯ ರೂಪರೇಖೆ ಅಲ್ಲಿದೆ. ಕೋಟೆ ಚಿಕ್ಕದಾದರೂ ಅಲ್ಲಿಂದ ಖಾರಿಯ ನೋಟ ವಿಶಾಲ. ಬಳಿಕ ಮೇರಿಪೋರ್ಟ್‌ನ ಸೆನ್‌ಹೌಸ್ ವಸ್ತುಸಂಗ್ರಹಾಲಯ ನೋಡಿ. ಅಲ್ಲಿ ಸೈನಿಕರು ಅರ್ಪಿಸಿದ ಬಲಿಪೀಠಗಳ ಸಾಲನ್ನು ನೋಡಲು, ನನ್ನ ಪ್ರಕಾರ, ಅರ್ಧ ದಿನವೂ ಸಾಲದು.