ಡ್ರೈಯರ್ ತಿರುಗುತ್ತೆ, ಬಿಸಿ ಆಗಲ್ಲ: ವಿಜಯನಗರದವರ ಪ್ರಶ್ನೆಗೆ

ಡ್ರಮ್ ತಿರುಗುತ್ತೆ, ಗಾಳಿಯೂ ಬರುತ್ತೆ, ಗಂಟೆಗಟ್ಟಲೆ ಓಡಿಸಿದ್ರೂ ಬಟ್ಟೆ ತಣ್ಣಗೇ ಇರುತ್ತೆ ಅಂದಿದ್ದೀರಿ. ಹಾಗಾದ್ರೆ ಮೋಟಾರ್, ಬೆಲ್ಟ್ ಸರಿ ಇವೆ. ತೊಂದರೆ ಹೀಟರ್ ಕಡೆಯದು.

ಸೆಟ್ಟಿಂಗ್ ತಣ್ಣನೆ ಗಾಳಿಗೆ ಇಟ್ಟಿಲ್ಲ ತಾನೆ? ಇಲ್ಲವಾದ್ರೆ ಪ್ಲಗ್ ಕಿತ್ತು ಹಿಂದಿನ ಕವರ್ ಬಿಚ್ಚಿ. ಹೀಟರಿನ ವೈರ್ ಕಳಚಿ ಮಲ್ಟಿಮೀಟರ್ (ವೋಲ್ಟೇಜ್, ಓಮ್ ಅಳೆಯುವ ಸಾಧನ) ಓಮ್‌ಗೆ ಇಟ್ಟು ಅಳೆಯಿರಿ: 2000 ವ್ಯಾಟಿನದಾದ್ರೆ ಸುಮಾರು 26 ಓಮ್ ಬರಬೇಕು. ಸರ್ಕ್ಯೂಟ್ ಓಪನ್ ಅಂತ ತೋರಿಸಿದ್ರೆ ಕಾಯಿಲ್ ತುಂಡಾಗಿದೆ. ಕಾಯಿಲ್ ಸರಿ ಇದ್ರೆ ಪಕ್ಕದ ಥರ್ಮಲ್ ಕಟೌಟ್ (ಬಿಸಿ ಮಿತಿ ಮೀರಿದ್ರೆ ಕರೆಂಟ್ ಕಡಿಯುವ ಸ್ವಿಚ್) ನೋಡಿ. ತಣ್ಣಗಿರುವಾಗ ಹೆಚ್ಚುಕಡಿಮೆ ಸೊನ್ನೆ ಓಮ್ ಇರಬೇಕು. ಓಪನ್ ಅಂತ ತೋರಿಸಿದ್ರೆ ಕಟೌಟ್ ಕಡಿದಿದೆ. ಕೆಲವಕ್ಕೆ ರೀಸೆಟ್ ಬಟನ್ ಇರುತ್ತೆ, ಅದನ್ನು ಒತ್ತಿ; ಬಟನ್ ಇಲ್ಲದಿದ್ರೆ ಅದೇ ರೇಟಿಂಗಿನ ಹೊಸದು ಹಾಕಿ. ಎಲೆಕ್ಟ್ರಿಷಿಯನ್ ಹೇಳಿದ್ರೂ ದಯವಿಟ್ಟು ವೈರ್ ಕೊಟ್ಟು ಬೈಪಾಸ್ ಮಾಡಬೇಡಿ. ಒಳಗಿನ ನೂಲಿನ ಧೂಳಿಗೆ ಬೆಂಕಿ ಹತ್ತಬಹುದು.

ಕಟೌಟ್ ಹೋಗೋದು ಹೆಚ್ಚಾಗಿ ಗಾಳಿ ಕಟ್ಟಿಕೊಂಡಾಗ. ಬಾಲ್ಕನಿಗೆ ಬಿಟ್ಟ ಪೈಪ್ ಮಡಚಿದೆಯಾ, ಫಿಲ್ಟರ್ ತುಂಬಿದೆಯಾ ನೋಡದೆ ಹೊಸದು ಹಾಕಿದ್ರೆ ಅದೂ ಹೋಗುತ್ತೆ.

ಬಿಸಿ ಪೂರ್ತಿ ಇಲ್ಲವೋ, ಕಮ್ಮಿಯೋ? ಕಮ್ಮಿಯಾದ್ರೆ ವೋಲ್ಟೇಜ್ ಅಳೆಯಿರಿ. 230 ಇರೋದು 180ಕ್ಕೆ ಇಳಿದ್ರೆ ಹೀಟರಿನ ಶಕ್ತಿ ಶೇ. 61ಕ್ಕೆ ಬೀಳುತ್ತೆ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ನೇರ 16 ಆಂಪ್ಸ್ ಸಾಕೆಟ್ಟಿಗೇ ಹಾಕಿ.