ತಟಸ್ಥ ಮತ, ರಾಯಭಾರಿಯ ಕರೆ, ಊರು ಬಿಡುವ ಸೂಚನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಯುದ್ಧದಾಗ ಮಂದಿ ಸಾಯಾಕತ್ತಿರ್ತಾರ, ನಮ್ಮ ದೇಶ ವಿಶ್ವಸಂಸ್ಥೆಯೊಳಗ ತಟಸ್ಥ ಅಂತ ಕೈಕಟ್ಟಿ ಕೂಡ್ತದ. ಇದು ಬಾಯಿ ಮುಚ್ಕೊಂಡಂಗ ಅಲ್ಲೇನ್ರಿ? (ಸಪ್ತಾಪುರ, ಧಾರವಾಡ)

ಉತ್ತರ: ಪೂರ್ತಿ ಹಾಗಲ್ಲ. ಮೊದಲು ಲೆಕ್ಕ ನೋಡಿ. ಉಕ್ರೇನ್ ಯುದ್ಧದ ಕಾರಣಕ್ಕೆ ರಷ್ಯಾವನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಿಂದ ಅಮಾನತು ಮಾಡುವ ನಿರ್ಣಯ 2022ರ ಏಪ್ರಿಲ್ 7ರಂದು ಸಾಮಾನ್ಯ ಸಭೆಗೆ ಬಂತು. ಪರ 93, ವಿರುದ್ಧ 24, ಭಾರತವೂ ಸೇರಿ ತಟಸ್ಥ 58. ಅಮಾನತಿಗೆ ಮೂರರಲ್ಲಿ ಎರಡು ಪಾಲು ಮತ ಬೇಕು. ಆದರೆ ಪಾಲು ಹಾಕುವುದು ಪರ ಇಲ್ಲವೇ ವಿರುದ್ಧ ಮತ ಕೊಟ್ಟವರ ಮೇಲೆ ಮಾತ್ರ. ಹಾಗಾಗಿ 117ರಲ್ಲಿ 78 ಸಾಕಾಯಿತು. ಆ 58 ದೇಶಗಳೂ ‘ಬೇಡ’ ಎಂದಿದ್ದರೆ 175ರಲ್ಲಿ 117 ಬೇಕಾಗಿ ನಿರ್ಣಯ ಬಿದ್ದುಹೋಗುತ್ತಿತ್ತು. ತಟಸ್ಥರಾದರೂ ಅಮಿತ್ರ ನಡೆ ಎಂದೇ ಭಾವಿಸುತ್ತೇವೆ ಎಂದು ರಷ್ಯಾ ಮತದಾನಕ್ಕೆ ಮುಂಚೆ ಎಚ್ಚರಿಸಿದ್ದು ಇದಕ್ಕೇ.

ಮತದ ಜೊತೆಗೆ ಮಾತನ್ನೂ ಓದಬೇಕು. ಅದಕ್ಕೆ ಎರಡು ದಿನ ಮೊದಲು ಭದ್ರತಾ ಮಂಡಳಿಯಲ್ಲಿ ಭಾರತವು ಉಕ್ರೇನಿನ ಬುಚಾ ಪಟ್ಟಣದಲ್ಲಿ ನಡೆದ ನಾಗರಿಕರ ಹತ್ಯೆಗಳನ್ನು ನೇರವಾಗಿ ಖಂಡಿಸಿತು, ಸ್ವತಂತ್ರ ತನಿಖೆಯ ಕರೆಯನ್ನು ಬೆಂಬಲಿಸಿತು. ಕೊಂದವರು ಯಾರೆಂದು ಮಾತ್ರ ಹೇಳಲಿಲ್ಲ. ಶಾಲೆಯಲ್ಲಿ ಕಲಿತ ಕರ್ಮಣಿ ಪ್ರಯೋಗ ನೆನಪಿದೆಯಲ್ಲ, ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’? ರಾಜತಾಂತ್ರಿಕ ಹೇಳಿಕೆಯಲ್ಲಿ ‘ರಾಮನಿಂದ’ ಎಂಬುದಷ್ಟೇ ಬಿಟ್ಟುಹೋಗಿರುತ್ತದೆ. ನಿಮ್ಮ ಆಕ್ಷೇಪ ಈ ಜಾಗಕ್ಕೆ ಸರಿಯಾಗಿ ತಾಗುತ್ತದೆ.

ಭಾರತ ಯಾವಾಗಲೂ ತಟಸ್ಥ ಎಂಬುದೂ ನಿಜವಲ್ಲ. ಶ್ರೀಲಂಕಾ ಕುರಿತ ನಿರ್ಣಯಗಳಿಗೆ 2012 ಮತ್ತು 2013ರಲ್ಲಿ ಪರ ಮತ ಹಾಕಿತ್ತು. 2014ರ ನಿರ್ಣಯದಲ್ಲಿ ಹೊರಗಿನವರ ತನಿಖೆಯ ಮಾತು ಬಂದೊಡನೆ ತಟಸ್ಥವಾಯಿತು. ಗಾಜಾ ವಿಷಯದಲ್ಲಿ 2023ರ ಅಕ್ಟೋಬರ್‌ನಲ್ಲಿ ತಟಸ್ಥ, ಡಿಸೆಂಬರ್ 12ರಂದು ಕದನವಿರಾಮದ ಪರ.

ಪ್ರಶ್ನೆ: ‘ರಾಯಭಾರಿಯನ್ನು ಕರೆಸಿಕೊಂಡರು’ ಎಂದು ಪೇಪರಿನಲ್ಲಿ ಓದುತ್ತೇವೆ. ಯಾರು ಯಾರನ್ನು ಕರೆಸುವುದು? ಅದರಿಂದ ಏನಾಗುತ್ತದೆ? (ಬೆಟಗೇರಿ, ಗದಗ)

ಉತ್ತರ: ಗೊಂದಲ ನಿಮ್ಮದಲ್ಲ, ಎರಡು ಬೇರೆ ಬೇರೆ ಕೆಲಸಕ್ಕೆ ನಮ್ಮ ಪತ್ರಿಕೆಗಳು ಒಂದೇ ಕ್ರಿಯಾಪದ ಬಳಸುತ್ತವೆ. ನಮ್ಮಲ್ಲಿರುವ ಪರದೇಶದ ರಾಯಭಾರಿಯನ್ನು ಕಚೇರಿಗೆ ಕರೆದು ಆಕ್ಷೇಪ ತಿಳಿಸುವುದು ಒಂದು. ಅಲ್ಲಿರುವ ನಮ್ಮ ರಾಯಭಾರಿಯನ್ನೇ ವಾಪಸ್ ಊರಿಗೆ ಕರೆಯುವುದು ಇನ್ನೊಂದು, ಇದು ಬಹಳ ಗಡುಸು. ಅದಕ್ಕೂ ಮುಂದಿನದು ಸಂಬಂಧವನ್ನೇ ಕಡಿದುಕೊಳ್ಳುವುದು. 2023ರ ಅಕ್ಟೋಬರ್ 31ರಂದು ಗಾಜಾ ದಾಳಿಯ ವಿಚಾರವಾಗಿ ಚಿಲಿ ಮತ್ತು ಕೊಲಂಬಿಯಾ ಇಸ್ರೇಲಿನಿಂದ ತಮ್ಮ ರಾಯಭಾರಿಗಳನ್ನು ವಾಪಸ್ ಕರೆದವು. ಅದೇ ದಿನ ಬೊಲಿವಿಯಾ ಸಂಬಂಧವನ್ನೇ ಮುರಿಯಿತು.

ಎದುರು ದೇಶದ ಅಧಿಕಾರಿಗಳನ್ನು ಹೊರಹಾಕುವ ದಾರಿಯೂ ಇದೆ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 9ನೇ ವಿಧಿ ಪ್ರಕಾರ ಕಾರಣ ಕೊಡಬೇಕಾಗಿಲ್ಲ. ತೊಂದರೆ ಏನೆಂದರೆ, ಏಟಿಗೆ ಎದಿರೇಟು ಖಚಿತ. ಬುಚಾ ನಂತರ ಜರ್ಮನಿ 40 ರಷ್ಯನ್ ಅಧಿಕಾರಿಗಳನ್ನು ಕಳಿಸಿತು, ಅದೇ ತಿಂಗಳು ರಷ್ಯಾ 40 ಜರ್ಮನರನ್ನು ಕಳಿಸಿತು. ಬಂಧಿತರನ್ನು ಭೇಟಿಯಾಗಲು, ಸಿಕ್ಕಿಹಾಕಿಕೊಂಡವರಿಗೆ ಕಾಗದಪತ್ರ ಮಾಡಿಕೊಡಲು ಆಮೇಲೆ ಕೈಗಳೇ ಕಡಿಮೆ.

ಪ್ರಶ್ನೆ: ನಮ್ಮ ಅಕ್ಕನ ಮಗ ಹೊರದೇಶದಾಗ ಎಂಬಿಬಿಎಸ್ ಓದಾಕತ್ತಾನ್ರಿ. ಅಲ್ಲಿ ಗಡಿ ಮ್ಯಾಲೆ ಸೈನ್ಯ ಸೇರಾಕತ್ತೈತಿ. ನಾವೇನು ಮಾಡಬೇಕು? (ರಾಣೆಬೆನ್ನೂರು)

ಉತ್ತರ: ನಿಮ್ಮ ತಾಲ್ಲೂಕಿಗೆ ಇದರ ಬಿಸಿ ಗೊತ್ತು. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ಚಳಗೇರಿಯ ವಿದ್ಯಾರ್ಥಿ ತೀರಿಕೊಂಡ ದಿನ ನಮ್ಮ ವಿದೇಶಾಂಗ ಕಾರ್ಯದರ್ಶಿ ರಷ್ಯಾ, ಉಕ್ರೇನ್ ಎರಡೂ ದೇಶಗಳ ರಾಯಭಾರಿಗಳನ್ನು ಕರೆಸಿ ವಿದ್ಯಾರ್ಥಿಗಳಿಗೆ ಸುರಕ್ಷಿತ ದಾರಿ ಕೇಳಿದರು. ಮರುದಿನ ರಾಯಭಾರ ಕಚೇರಿಯ ಸೂಚನೆ ಬಂತು: ಸಂಜೆ 6ರೊಳಗೆ ಹಾರ್ಕಿವ್ ಹತ್ತಿರದ ಪೆಸೋಚಿನ್, ಬಾಬಾಯ್ ಅಥವಾ ಬೆಜ್ಲ್ಯುದಿವ್ಕಾ ಸೇರಿ, ವಾಹನ ಸಿಗದಿದ್ದರೆ ನಡೆದೇ ಹೋಗಿ. ದೂರ 11ರಿಂದ 16 ಕಿ.ಮೀ. ಗುಂಡು ಹಾರುವಾಗ ರಾಜತಾಂತ್ರಿಕತೆಯಿಂದ ಸಿಗುವುದು ಇಂಥ ಕೆಲವೇ ಗಂಟೆಗಳು.

ಆದ್ದರಿಂದ ಮೊದಲು ಬಂದ ಸೂಚನೆಯನ್ನೇ ಹಿಡಿಯಿರಿ. ಆ ವರ್ಷ ಫೆಬ್ರುವರಿ 15ರಂದೇ ‘ಉಳಿಯುವುದು ಅಗತ್ಯವಿಲ್ಲದವರು ತಾತ್ಕಾಲಿಕವಾಗಿ ಹೊರಡುವುದನ್ನು ಯೋಚಿಸಿ’ ಎಂಬ ಮೆತ್ತಗಿನ ಸಲಹೆ ಬಂದಿತ್ತು. 24ಕ್ಕೆ ವಿಮಾನಗಳೇ ನಿಂತವು. ‘ಯೋಚಿಸಿ’ ಎಂದರೆ ‘ಟಿಕೆಟ್ ತೆಗೆಸಿ’ ಎಂದೇ ಓದಿಕೊಳ್ಳಿ. ಹಾಜರಿ ಹೋಗುತ್ತದೆ, ಫೀ ಮುಳುಗುತ್ತದೆ ಎಂದು ಹುಡುಗರು ತಡಮಾಡುತ್ತಾರೆ. ಕಾಲೇಜಿನಿಂದ ರಜೆಯನ್ನು ಬರಹದಲ್ಲಿ ಕೇಳಲು ಹೇಳಿ.

ಇವತ್ತೇ ಮಾಡಬೇಕಾದದ್ದು: ಹುಡುಗ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ಈಗಿನ ವಿಳಾಸ, ಎರಡು ಫೋನ್ ನಂಬರು ನೋಂದಾಯಿಸಲಿ. ಹಾಸ್ಟೆಲ್ ಬದಲಾದರೆ ಅದನ್ನೂ ತಿಳಿಸಲಿ. ಪಾಸ್‌ಪೋರ್ಟ್, ವೀಸಾ ಪ್ರತಿ ನಿಮ್ಮ ಮನೆಯಲ್ಲೂ ಇರಲಿ. ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆ ಹಿಡಿದುಕೊಂಡೇ ಹಾವೇರಿಯ ಜಿಲ್ಲಾಧಿಕಾರಿ ಕಚೇರಿಗೆ, ಸಂಸದರ ಬಳಿಗೆ ಹೋಗಿ. ಸಂಪರ್ಕವೇ ಕಡಿದರೆ ರೆಡ್ ಕ್ರಾಸ್ ಕುಟುಂಬದವರನ್ನು ಹುಡುಕಿಕೊಡುವ ಕೆಲಸ ಮಾಡುತ್ತದೆ. ಅವರಿಗೆ ಹುಡುಗನ ಪೂರ್ಣ ಹೆಸರು, ಹುಟ್ಟಿದ ದಿನ, ಕೊನೆಯ ಬಾರಿ ಮಾತಾಡಿದ ದಿನ ಮತ್ತು ಜಾಗ ಬರೆದುಕೊಡಿ.